ಸಿಸ್ಟರ್ ಬಾಯಿಂದ ಕಲಿತ ‘ಎಸ್ಪೆರೆ’

ಐವತ್ತರ ದಶಕದ ಮಾತು. ನಮ್ಮ ಪುಟ್ಟ ಮಗಳಿಗೆ ಗಂಟಲಮಾರಿ ಬಂದು ಉಗುಳು ನುಂಗುವುದೂ ಕಷ್ಟವಾಗಿತ್ತು. ನಮ್ಮ ಚಾಳು ಮುಂಬಯಿಯ ಭಾಂಡುಪಿನಲ್ಲಿ, ಅವಳನ್ನು ಸೇರಿಸಿದ್ದು ಬಾಂದ್ರಾದ ಆಸ್ಪತ್ರೆಗೆ. ಅಂಟುರೋಗದ ವಾರ್ಡು, ಸಂಜೆ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಬೇಕು, ಅಷ್ಟೇ. ಮಗು ಉಸಿರೆಳೆದರೆ ಗರಗಸ ಎಳೆದಂತೆ ಕೇಳುತ್ತಿತ್ತು. ಕೃಷ್ಣಾ, ಸದ್ದಾದರೂ ಇದೆಯಲ್ಲ ಎಂದು ಕೈ ಮುಗಿಯುತ್ತಿದ್ದೆ.

ಅವತ್ತು ಯಜಮಾನರು ಹೊರಗಿನಿಂದ, “ಬೇಗ ಬಾ ಮಾರಾಯ್ತಿ, ಲೋಕಲ್ ತಪ್ತದೆ” ಎಂದರು. ಗಡಿಬಿಡಿಯಲ್ಲಿ ನಾನು, “ಹೋಗ್ತೇನೆ ಮಗಾ” ಎಂದುಬಿಟ್ಟೆ.

ಗೇಟು ದಾಟುವಾಗ ಏನೆಂದುಬಿಟ್ಟೆ ಎಂದು ಹೊಳೆಯಿತು. ನಮ್ಮಲ್ಲಿ ನೀರು ತರಲು ನಲ್ಲಿಗೆ ಹೋಗುವವರೂ ‘ಬರ್ತೇನೆ’ ಎಂದೇ ಹೊರಡುವುದು. ‘ಹೋಗ್ತೇನೆ’ ಎಂದರೆ ಮತ್ತೆ ಬಾರದವರ ಮಾತು. ಅದನ್ನು ರೋಗದ ಹಾಸಿಗೆಯ ಮುಂದೆ, ನನ್ನ ಬಾಯಿಂದಲೇ! ಓಡಿ ಬಂದೆ. ಬಾಗಿಲು ಹಾಕಿಯಾಗಿತ್ತು.

ಸ್ಪೇನ್ ದೇಶದ ಸಿಸ್ಟರ್ ಕೈ ಅಡ್ಡ ಹಿಡಿದರು. “ಎಸ್ಪೆರೆ, ಎಸ್ಪೆರೆ.”

“ಒಂದೇ ಮಾತು ಹೇಳಿ ಬರ್ತೇನಮ್ಮಾ, ನಿಮ್ಮ ಕಾಲಿಗೆ ಬೀಳ್ತೇನೆ” ಎಂದು ಅತ್ತೆ. ಅವರದು ಮತ್ತೆ ಅದೇ ಮಾತು.

ನೆಲ ಒರೆಸುತ್ತಿದ್ದ ಮಂಗಳೂರಿನ ಆಯಾ ತಲೆ ಎತ್ತಿದಳು. “ಕಾಯಿರಿ ಅಂತಿದ್ದಾರೆ ಅಕ್ಕ. ಅವರ ಭಾಷೆಯಲ್ಲಿ ಕಾಯುವುದಕ್ಕೂ ಅದೇ, ಆಸೆ ಇಟ್ಟುಕೊಳ್ಳುವುದಕ್ಕೂ ಅದೇ.”

ನನಗೆ ಸಿಟ್ಟು ಬಂತು. ಕಾಯುವುದು ಸರಿ, ಕಾದೇ ಇದ್ದೇನೆ. ಆಸೆಯನ್ನು ಎಲ್ಲಿಂದ ತರಲಿ? ಆಗಿದ್ದನ್ನು ಆಯಾಗೆ ಹೇಳಿ, ಕೃಷ್ಣ ಅದನ್ನೇ ನಿಜ ಮಾಡಿಬಿಟ್ಟರೆ ಎಂದೆ.

“ನಿಮ್ಮ ಕೃಷ್ಣ ಏನು ಕನ್ನಡ ಮೇಷ್ಟ್ರಾ, ತಪ್ಪು ಹುಡುಕ್ಲಿಕ್ಕೆ?” ಎಂದು ಗದರಿದಳು. ಆದರೂ ಎದ್ದು ಹೋಗಿ ತನ್ನ ಹರಕು ಹಿಂದಿಯಲ್ಲಿ ಸಿಸ್ಟರಿಗೆ ತಿಳಿಸಿದಳು.

ಸಿಸ್ಟರ್ ನಗಲಿಲ್ಲ. ನನ್ನ ಬಾಯನ್ನೇ ನೋಡುತ್ತ, “ಬರ್... ತೇನೆ?” ಎಂದರು. ಇನ್ನೊಮ್ಮೆ ಹೇಳಿಕೊಟ್ಟೆ. ಅವರು ಒಳಗೆ ಹೋಗಿ ಮಗುವಿನ ಕಿವಿಯ ಹತ್ತಿರ ಬಗ್ಗಿದ್ದು ಬಾಗಿಲ ಗಾಜಿನಲ್ಲಿ ಕಂಡಿತು. ಮಗು ಕಣ್ಣು ತೆರೆಯಲಿಲ್ಲ.

ಆ ರಾತ್ರಿ ಮನೆಯಲ್ಲಿ ದೀಪ ಹಚ್ಚಿದೆ, ಶ್ಲೋಕ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಆ ಪರದೇಶದ ಮಾತು ಒಂದೇ. ಅದನ್ನೇ ಹೇಳಿಕೊಂಡು ಕೂತೆ, ಯಾವ ಅರ್ಥದಲ್ಲೋ ನನಗೇ ಗೊತ್ತಿಲ್ಲ.

ಮರುದಿನ ಸಂಜೆಯೂ ಗರಗಸದ ಸದ್ದು ನಿಂತಿರಲಿಲ್ಲ. ಬಾಗಿಲಲ್ಲಿ ನಿಂತೆ. ಮಗು ಇತ್ತ ತಿರುಗಿತು. ದನಿ ಇಲ್ಲ, ತುಟಿ ಮಾತ್ರ ಆಡಿತು.

“ಬಂದ್ಯಾ?”