ಒಂದೇ ಬಟ್ಟಲು

ಚಾಮರಾಜನಗರದ ನಮ್ಮ ಚರ್ಚಿನಲ್ಲಿ, ಪಾದ್ರಿ ಅಯ್ಯನವರು ನಿಂತು ಪ್ರಸಂಗ ಮಾಡುವ ಜಾಗದ ಹಿಂದಿನ ಗೋಡೆಗೆ ನೀಲಿ ಬಣ್ಣದ ದಪ್ಪ ಅಕ್ಷರಗಳಲ್ಲಿ ಒಂದು ವಾಕ್ಯ ಬರೆಸಿದ್ದರು. ಸತ್ಯವನ್ನು ಹೊತ್ತು ನಿಂತ ಕಂಬ ಸಭೆಯೇ, ಅಂದರೆ ಚರ್ಚಿನ ಜನರೇ, ಎಂಬುದು ಅದರ ಅರ್ಥ. ಮಳೆಗಾಲದಲ್ಲಿ ಗೋಡೆ ತೇವ ಕುಡಿದು ಅಕ್ಷರಗಳು ಉಬ್ಬುತ್ತಿದ್ದವು, ಈಸ್ಟರಿಗೆ ಮುಂಚೆ ಸುಣ್ಣ ಹೊಡೆಸಿ ಮತ್ತೆ ಬರೆಸುತ್ತಿದ್ದರು. ಚಿಕ್ಕಂದಿನಿಂದ ನೋಡಿ ನೋಡಿ ನನಗೆ ಅದು ಬಾಯಿಪಾಠವಾಗಿತ್ತು. ಸತ್ಯ ಎಂದರೇನು ಎಂದು ಆಗ ಯಾರಾದರೂ ಕೇಳಿದ್ದರೆ ಆ ಗೋಡೆಯ ಕಡೆ ಕೈ ತೋರಿಸುತ್ತಿದ್ದೆ. ಈಗ ಕೇಳಿದರೆ ಒಂದು ಲೋಟದ ತಳ ನೆನಪಾಗುತ್ತದೆ.

ತೊಂಬತ್ತರ ದಶಕದ ಮಾತು. ನಾನು ಪಿಯುಸಿ ಓದುತ್ತಿದ್ದೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಚರ್ಚಿನಲ್ಲಿ ಸಭೆಯ ಹಿರಿಯರು. ಅಪ್ಪನ ಹಿರಿತನದಿಂದ ಅಮ್ಮನಿಗೆ ದಕ್ಕಿದ್ದು ಒಂದು ಕೆಲಸ. ತಿಂಗಳ ಮೊದಲ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ನಾವು ಒಂದು ಚೂರು ರೊಟ್ಟಿ ತಿಂದು, ಒಂದು ಗುಟುಕು ದ್ರಾಕ್ಷಾರಸ ಕುಡಿಯುತ್ತೇವೆ. ಆ ಪ್ರಭುಭೋಜನವನ್ನು ಸಿದ್ಧಮಾಡುವುದು ಅಮ್ಮನ ಪಾಲಿಗಿತ್ತು. ಶನಿವಾರವೇ ಕಪ್ಪು ದ್ರಾಕ್ಷಿ ತೊಳೆದು, ಸಕ್ಕರೆ ಹಾಕಿ ಕುದಿಸಿ, ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದಳು. ಬೇಕರಿ ಬ್ರೆಡ್ಡಿನ ಅಂಚು ತೆಗೆದು, ಬಿಳಿ ಭಾಗವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತಿದ್ದಳು. ಅಂಚೆಲ್ಲ ನನಗೆ. ಮನೆತುಂಬ ದ್ರಾಕ್ಷಿಯ ವಾಸನೆ ತುಂಬಿಕೊಂಡು, ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿಗೂ ಅದೇ ವಾಸನೆ ಅಂಟಿಕೊಂಡಿರುತ್ತಿತ್ತು.

ಬಟ್ಟಲು ಮಾತ್ರ ಒಂದೇ. ಬೆಳ್ಳಿಯ ಲೇಪದ ಹಳೆಯ ಬಟ್ಟಲು, ಅಂಚು ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಮುಂದೆ ಒಂದು ಮರದ ಕಟಾಂಜನ. ಅದರ ಈಚೆಗೆ ನಾವು ಸಾಲಾಗಿ ಮೊಣಕಾಲೂರುತ್ತಿದ್ದೆವು, ಆಚೆಗೆ ಅಯ್ಯನವರು ಬಟ್ಟಲು ಹಿಡಿದು ಒಬ್ಬೊಬ್ಬರ ತುಟಿಗೂ ಮುಟ್ಟಿಸುತ್ತ, ಪ್ರತಿ ಸಲವೂ ಬಿಳಿ ಬಟ್ಟೆಯಿಂದ ಅಂಚು ಒರೆಸುತ್ತ ಬರುತ್ತಿದ್ದರು. ಪಟ್ಟಣದವರು ಮೊದಲ ಸಾಲಿಗೆ ಹೋಗುತ್ತಿದ್ದರು. ಹಾಗೆಂದು ಯಾರೂ ಗೊತ್ತುಮಾಡಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ಕಾಲಕ್ಕೆ ಹರವೆ ಕಡೆಯ ಕೆಲವು ಮನೆಯವರು ನಮ್ಮ ಸಭೆಗೆ ಬರತೊಡಗಿದ್ದರು. ಊರಾಚೆಯ ಕೇರಿಯ ಜನ, ಕೂಲಿಯವರು. ಅವರಲ್ಲಿ ಒಬ್ಬ ಅಜ್ಜಿ. ಗಂಡ ಇಲ್ಲ, ಮಗಳು ಪುಣಜನೂರಿಗೆ ಮದುವೆಯಾಗಿ ಹೋಗಿದ್ದಳು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು, ಚರ್ಚಿನ ಬಾಗಿಲು ತೆಗೆಯುವ ಮುನ್ನ ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ಅಮ್ಮನನ್ನು ಕಂಡರೆ ಎದ್ದು ನಿಂತು "ಅವ್ವಾರೆ" ಎನ್ನುತ್ತಿತ್ತು. ಊರಿನಲ್ಲಿ ಗೌಡರ ಮನೆಯ ಹೆಂಗಸರನ್ನು ಕರೆಯುವ ಹಾಗೆ.

"ಹಾಗನ್ನಬೇಡಿ ಅಜ್ಜಿ, ನಾನು ನಿಮ್ಮ ಮಗಳ ವಯಸ್ಸಿನವಳು," ಎಂದಳು ಅಮ್ಮ.

ಅಜ್ಜಿಗೆ ನಾಲಿಗೆ ಹೊರಳಲು ಬಹಳ ದಿನ ಹಿಡಿಯಿತು. ಆಮೇಲೆ "ಮಗ" ಎನ್ನಲು ಕಲಿಯಿತು. "ಬಾ ಮಗ, ಕೂತ್ಕೊ ಮಗ." ಅಮ್ಮನಿಗೆ ಅದರಿಂದ ಎಷ್ಟು ಖುಷಿಯೆಂದರೆ ಅಪ್ಪನ ಮುಂದೆ ಅದನ್ನೇ ಆಡಿ ತೋರಿಸುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ನಮ್ಮ ತಾತ ಹುಟ್ಟಿದ್ದೂ ಉಡಿಗಾಲದ ಕೇರಿಯಲ್ಲೇ. ಮಿಷನ್ನಿನವರು ಓದಿಸಿದರು, ತಾತ ಮೇಷ್ಟರಾದರು, ಅಪ್ಪ ಗುಮಾಸ್ತರಾದರು, ನಮ್ಮ ಮನೆಗೆ ಸೋಫಾ ಬಂತು. ಉಡಿಗಾಲದ ಮಾತು ಎತ್ತಿದರೆ ಮಾತ್ರ ಅಪ್ಪ ಪೇಪರ್ ಬಿಡಿಸಿಕೊಳ್ಳುತ್ತಿದ್ದರು.

ದೀಕ್ಷಾಸ್ನಾನಕ್ಕೆ ಮುಂಚೆ ಅಯ್ಯನವರು ಹೊಸಬರನ್ನು ಕೂರಿಸಿಕೊಂಡು ಒಬ್ಬೊಬ್ಬರನ್ನೂ ಕೇಳುತ್ತಿದ್ದರು, ಯಾಕೆ ವಿಶ್ವಾಸಕ್ಕೆ ಬರುತ್ತಿದ್ದೀರಿ ಎಂದು. ಉಳಿದವರು ಕಲಿಸಿದ್ದನ್ನು ಒಪ್ಪಿಸಿದರು, ಪಾಪಕ್ಷಮೆ, ನಿತ್ಯಜೀವ. ಅಜ್ಜಿಯ ಸರದಿ ಬಂದಾಗ ಅದು ತಿರುಗಿ ಅಯ್ಯನವರನ್ನೇ ಕೇಳಿತು.

"ಇಲ್ಲಿ ಎಲ್ರೂವೆ ಒಂದೇ ಬಟ್ಲಲ್ಲಿ ಕುಡಿತೀರಂತಲ್ಲ ಸ್ವಾಮಿ, ದಿಟ್ವಾ?"

"ದಿಟ ಅಜ್ಜಿ."

"ಅಂಗಾರೆ ನಂಗೆ ಅಷ್ಟೇ ಸಾಕು ಬುಡಿ."

ಅಯ್ಯನವರು ಆ ಮಾತನ್ನು ಮುಂದಿನ ಪ್ರಸಂಗದಲ್ಲಿ ಹೇಳಿ ಕಣ್ಣು ಒರೆಸಿಕೊಂಡರು. ಕಣ್ಣೀರು ನಿಜವಾದದ್ದೇ. ಅವರು ಕೆಟ್ಟವರಲ್ಲ, ಬೆನ್ನುಮೂಳೆ ಒಂದು ಇರಲಿಲ್ಲ ಅಷ್ಟೆ.

ಅಜ್ಜಿಯ ಮೊದಲ ಪ್ರಭುಭೋಜನದ ದಿನ, ಸಾಲಿನ ಲೆಕ್ಕಾಚಾರ ಗೊತ್ತಿಲ್ಲದೆ, ಅದು ಅಮ್ಮನ ಹಿಂದೆಯೇ ಎದ್ದು ಬಂದು ಮೊದಲ ಸಾಲಿನಲ್ಲೇ ಮೊಣಕಾಲೂರಿತು. ಒಂದು ಪಕ್ಕ ಅಮ್ಮ, ನಾನು. ಇನ್ನೊಂದು ಪಕ್ಕ ಹೆಡ್ಮಾಸ್ಟರ ಹೆಂಡತಿ. ಅವರು ನಮ್ಮ ಸ್ತ್ರೀ ಸಂಘದ ಅಧ್ಯಕ್ಷೆ, ತಮ್ಮದು ಮೈಸೂರಿನ ಹಳೆಯ ಕ್ರೈಸ್ತ ಮನೆತನ ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಅಯ್ಯನವರು ಬಟ್ಟಲು ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ಅದನ್ನು ಎರಡು ಕೈಯಲ್ಲೂ ಈಸಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಮೇಲೆತ್ತಿ ಬಾಯಿಗೆ ಸುರಿದುಕೊಂಡಿತು. ತುಟಿ ತಾಕಿಸಲಿಲ್ಲ. ಹುಟ್ಟಿದಾಗಿನಿಂದ ಬೇರೆಯವರ ಮನೆಯಲ್ಲಿ ನೀರು ಕೊಟ್ಟರೆ ಹಾಗೆ ಕುಡಿದೇ ಅದಕ್ಕೆ ಅಭ್ಯಾಸ. ಎತ್ತಿ ಕುಡಿಯಲಿಕ್ಕೆ ಪಾತ್ರೆ ಕೊಡುವ ಮನೆಗಳೇ ಕಡಿಮೆ, ಹೆಚ್ಚಿನ ಕಡೆ ಬೊಗಸೆಗೇ ಹೊಯ್ಯುತ್ತಿದ್ದರು. ದ್ರಾಕ್ಷಾರಸ ಗಲ್ಲದ ಮೇಲಿಳಿದು ಬಿಳಿ ಸೀರೆಯ ಮೇಲೆ ಹರಿಯಿತು.

"ಹಾಗಲ್ಲ ಅಜ್ಜಿ," ಅಯ್ಯನವರು ಮೆಲ್ಲಗೆ ಹೇಳಿದರು. "ತುಟಿ ತಾಕಿಸಿ ಕುಡೀರಿ."

"ಎಂಜ್ಲಾಯ್ತದಲ್ಲ ಸ್ವಾಮಿ."

"ಆಗಲಿ. ಅದಕ್ಕೇ ಇರೋದು ಈ ಬಟ್ಟಲು."

ಅಜ್ಜಿ ಅಮ್ಮನ ಮುಖ ನೋಡಿತು. ಅಮ್ಮ ತಲೆಯಾಡಿಸಿದಳು. ಅಜ್ಜಿ ತುಟಿ ತಾಕಿಸಿ ಒಂದು ಗುಟುಕು ಕುಡಿಯಿತು. ನನ್ನ ಜೀವಮಾನದಲ್ಲಿ ನಾನು ಚರ್ಚಿನಲ್ಲಿ ಕಂಡ ಸತ್ಯ ಎಂದರೆ ಅದೊಂದೇ ಗುಟುಕು, ಅದು ಗಂಟಲಿಳಿಯುವಷ್ಟು ಹೊತ್ತು ಮಾತ್ರ ಇತ್ತು.

ಅಯ್ಯನವರು ಅಂಚು ಒರೆಸಿ ಬಟ್ಟಲನ್ನು ಪಕ್ಕಕ್ಕೆ ತಂದಾಗ ಹೆಡ್ಮಾಸ್ಟರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿ ಮುಳುಗಿಬಿಟ್ಟಿದ್ದರು. ಅಷ್ಟು ಗಾಢವಾದ ಪ್ರಾರ್ಥನೆಯನ್ನು ಅವರು ಹಿಂದೆಂದೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಬಟ್ಟಲು ಅವರನ್ನು ದಾಟಿ ಹೋಯಿತು. ಅವರಾಚೆ ಇದ್ದವರಿಗೂ ಒಬ್ಬರ ಹಿಂದೆ ಒಬ್ಬರಿಗೆ ಭಕ್ತಿ ಬಂತು.

ಅದೇ ವಾರ ನಮ್ಮ ಮನೆಯ ಸೋಫಾದ ಮೇಲೆ ಸಭೆಯ ಕಮಿಟಿ ಸೇರಿತು. ಊರಲ್ಲಿ ಕಾಮಾಲೆ ಹರಡುತ್ತಿದೆ, ಒಬ್ಬರ ಎಂಜಲು ಒಬ್ಬರು ಕುಡಿಯುವುದು ಆರೋಗ್ಯಕ್ಕೆ ಒಳ್ಳೆಯದಲ್ಲ, ಗುಂಡ್ಲುಪೇಟೆಯ ಸಭೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಗಾಜಿನ ಲೋಟ ಕೊಡುತ್ತಾರಂತೆ, ನಾವೂ ಹಾಗೇ ಮಾಡೋಣ ಎಂದರು ಹೆಡ್ಮಾಸ್ಟರ ಹೆಂಡತಿ. ಎಲ್ಲರೂ ಹೂಗುಟ್ಟಿದರು. ಅಮ್ಮ ಟೀ ಕೊಡುತ್ತಿದ್ದವಳು ನಿಂತಳು.

"ಹೋದ ವರ್ಷ ನಿಮ್ಮ ಮಗನಿಗೇ ಕಾಮಾಲೆ ಆಗಿತ್ತಲ್ಲ. ಆವಾಗ ಯಾರೂ ಲೋಟದ ಮಾತು ಎತ್ತಲಿಲ್ಲ."

ಅಪ್ಪ ಕಣ್ಣಲ್ಲೇ ಅಮ್ಮನನ್ನು ಒಳಗೆ ಕಳಿಸಿದರು. ಅಯ್ಯನವರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮೆತ್ತಗಾಗಿ ಮುರಿದು ಬಿದ್ದದ್ದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆರೋಗ್ಯವೂ ದೇವರ ವರವೇ ಎಂದರು.

ಲೋಟ ತರಲು ಅಪ್ಪನ ಜೊತೆ ಗುಂಡ್ಲುಪೇಟೆಗೆ ನಾನೂ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಮಲಯಾಳಿ, ಶಿಲುಬೆ, ಮೇಣದಬತ್ತಿ, ಕ್ರಿಸ್‌ಮಸ್ ನಕ್ಷತ್ರ ಎಲ್ಲ ಮಾರುತ್ತಿದ್ದ. ಹೆಬ್ಬೆರಳಿನಷ್ಟು ದೊಡ್ಡ ಲೋಟಗಳು, ಅವು ಕೂರಲು ತೂತು ಕೊರೆದ ಮರದ ತಟ್ಟೆಗಳು. "ಈಗ ಎಲ್ಲಾ ಪಳ್ಳಿಯಲ್ಲೂ, ಎಲ್ಲಾ ಚರ್ಚಲ್ಲೂ ಇದೇ ಸಾರ್," ಎಂದು ಕಟ್ಟಿಕೊಟ್ಟ. ತೆರಕಣಾಂಬಿ ದಾಟುವವರೆಗೂ ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಸ್ಸು ಕುಲುಕಿದಾಗೆಲ್ಲ ಒಳಗೆ ಗಾಜು ಕಿಣಿಕಿಣಿ ಅನ್ನುತ್ತಿತ್ತು.

"ಕಾಮಾಲೆ ಹೋದ್ಮೇಲೆ ಮತ್ತೆ ಬಟ್ಲು ತರ್ತೀರಾ ಅಪ್ಪ?" ಎಂದೆ.

ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು. "ಹೆಡ್ಮಾಸ್ಟ್ರ ಕಡೆಯೋರೆಲ್ಲ ಬಿಟ್ಟೋದ್ರೆ ಚರ್ಚು ನಡ್ಸೋರ್ ಯಾರು ಕಣಮ್ಮಿ?"

ಆ ಇಡೀ ವ್ಯವಹಾರದಲ್ಲಿ ನಮ್ಮವರು ಆಡಿದ ನಿಜ ಅದೊಂದೇ. ಅದನ್ನು ಆಡಲು ಚರ್ಚಿಗಿಂತ ಸರ್ಕಾರಿ ಬಸ್ಸೇ ವಾಸಿಯಾಯಿತು.

ಲೋಟಗಳು ಬಂದ ಮೊದಲ ಭಾನುವಾರ, ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ನಲ್ಲಿಯ ಹತ್ತಿರ ಅಜ್ಜಿ ಅಮ್ಮನನ್ನು ಕೇಳಿತು.

"ಬಟ್ಲು ಎಲ್ಲೋಯ್ತು ಮಗ?"

"ಊರಲ್ಲಿ ಕಾಮಾಲೆ ಅಜ್ಜಿ. ಅದಕ್ಕೇ ಬೇರೆ ಬೇರೆ."

"ಕಾಯ್ಲೆ ಅಂದ್ಮೇಲೆ ಸರಿ ಬುಡು. ಎಲ್ರಿಗೂ ವಾಸಿಯಾದ್ಮೇಲೆ ತಂದಾರು."

ಅಮ್ಮನ ಮಾತೆಂದರೆ ಅಜ್ಜಿಗೆ ಅಷ್ಟು ನಂಬಿಕೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲೋಟ ತೊಳೆಯಲು ತಾನೂ ಕೂತಿತು. ಅಂದಿನಿಂದ ಪ್ರತಿ ತಿಂಗಳೂ ತೊಳೆಯಲು ಬಂದು ಕೂರುತ್ತಿತ್ತು. ತೊಳೆಯುತ್ತ ತೊಳೆಯುತ್ತ ಬಟ್ಟಲನ್ನು ವಿಚಾರಿಸುತ್ತಿತ್ತು, ನೆಂಟರ ಮನೆಯಲ್ಲಿ ಬಿಟ್ಟುಬಂದ ಮಗುವನ್ನು ವಿಚಾರಿಸುವ ಹಾಗೆ. ಕಾಮಾಲೆ ನಿಂತು ಬೇಸಿಗೆ ಕಳೆದಿತ್ತು. ಬಟ್ಟಲು ಬೀರುವಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು.

ಒಂದು ಸಲ, ಆರಾಧನೆಗೆ ಮುಂಚೆ ಹೆಡ್ಮಾಸ್ಟರ ಹೆಂಡತಿ ಒಳಕೋಣೆಯಲ್ಲಿ ಒಬ್ಬರೇ ಕೂತು ಒಂದು ತಟ್ಟೆಯ ಲೋಟಗಳನ್ನು ಬೋರಲು ಹಾಕಿ ಏನೋ ಮಾಡುತ್ತಿದ್ದರು. ಅಮ್ಮ ದ್ರಾಕ್ಷಾರಸದ ಬಾಟಲಿ ಹಿಡಿದು ಒಳಗೆ ಹೋದಾಗ ಉಗುರು ಬಣ್ಣದ ಘಾಟು ಬರುತ್ತಿತ್ತು. ಎರಡು ತಟ್ಟೆ, ಲೋಟ ಕಲೆಸಿಹೋಗಬಾರದು, ಲೆಕ್ಕಕ್ಕೆ ಬೇಕಲ್ಲ, ಎಂದರಂತೆ. ಗುರುತು ಬಿದ್ದ ತಟ್ಟೆ ಹಿಂದಿನ ಸಾಲುಗಳಿಗೆ ಹೋಯಿತು. ಅಮ್ಮನಿಗೆ ಎಲ್ಲ ಅರ್ಥವಾಯಿತು. ಆರಾಧನೆ ಮುಗಿಯುವವರೆಗೂ ಅವಳು ಒಂದು ಹಾಡಿಗೂ ಬಾಯಿ ತೆರೆಯಲಿಲ್ಲ. ಮುಗಿದ ತಕ್ಷಣ ಎರಡೂ ತಟ್ಟೆ ಎತ್ತಿಕೊಂಡು, ಅಜ್ಜಿ ಬರುವ ಮುನ್ನ ತೊಳೆದುಬಿಡಬೇಕೆಂದು ನಲ್ಲಿಗೆ ಓಡಿದಳು. ಅಜ್ಜಿ ಆಗಲೇ ಬಂದು ಕೂತಿತ್ತು.

ನಾನೂ ಅಲ್ಲೇ ಇದ್ದೆ. ಅಜ್ಜಿ ಒಂದು ಲೋಟ ತೊಳೆದು ಬೋರಲು ಹಾಕಿತು. ಇನ್ನೊಂದನ್ನು ತೊಳೆದು ಬೋರಲು ಹಾಕಿತು. ಆಮೇಲೆ ಅದನ್ನೇ ಮತ್ತೆ ಎತ್ತಿ ತಳವನ್ನು ಹೆಬ್ಬೆರಳಿನಿಂದ ಉಜ್ಜಿತು. ಕೆಂಪು ಚುಕ್ಕಿ ಹೋಗಲಿಲ್ಲ. ಮತ್ತೊಂದನ್ನು ತಿರುಗಿಸಿ ನೋಡಿತು. ಆಮೇಲೆ ಅಮ್ಮನ ಮುಂದಿದ್ದ ತಟ್ಟೆಯಿಂದ ಒಂದು ಲೋಟ ತೆಗೆದು ಅದರ ತಳವನ್ನೂ ನೋಡಿತು.

"ಇದೇನ್ ಮಗ?"

ಅಮ್ಮ ಅಜ್ಜಿಯ ಮುಖ ನೋಡಲಿಲ್ಲ. "ಏನಿಲ್ಲ ಅಜ್ಜಿ. ಲೆಕ್ಕಕ್ಕೆ."

ಅಜ್ಜಿ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಲೋಟವನ್ನು ಇನ್ನೊಮ್ಮೆ ನೀರಿಗೆ ಹಿಡಿದು, ತಟ್ಟೆಯ ತೂತಿನಲ್ಲಿ ಸರಿಯಾಗಿ ಕೂರಿಸಿತು. ಎದ್ದು ಸೆರಗು ಬಿಚ್ಚಿ ಕೈ ಒರೆಸಿಕೊಂಡಿತು.

"ನಮ್ಮೂರ ಟೀ ಅಂಗ್ಡೀಲೂ ನಮ್ಗೆ ಬ್ಯಾರೆ ಲೋಟ ಮಡಗವ್ನೆ ಅವ್ವಾರೆ," ಎಂದಿತು. "ಅವ್ನು ಲೆಕ್ಕಕ್ಕೆ ಅನ್ನದಿಲ್ಲ."

ಬಸ್ಸಿನ ಹೊತ್ತಾಯಿತೆಂದು ಹೊರಟುಹೋಯಿತು. ಅಮ್ಮ ನಲ್ಲಿ ನಿಲ್ಲಿಸುವುದನ್ನೂ ಮರೆತು ಕೂತಿದ್ದಳು. ಅವಳನ್ನು ಇರಿದದ್ದು ಟೀ ಅಂಗಡಿಯ ಮಾತಲ್ಲ, ಆ "ಅವ್ವಾರೆ" ಎಂದು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ.

ಅಜ್ಜಿ ಮತ್ತೆ ಬರಲಿಲ್ಲ. ಅಮ್ಮ ಹರವೆಗೆ ಹೋಗಿ ಬಂದಳು. ಅಜ್ಜಿ ಚಾಪೆ ಹಾಸಿ ಕೂರಿಸಿತಂತೆ, ಮಾತಾಡಿಸಿತಂತೆ, ಬಂದೇ ಬರುತ್ತೀನಿ ಅವ್ವಾರೆ ಎಂದಿತಂತೆ. ಅದರ ಜೊತೆಯವರೂ ಒಂದೊಂದೇ ಮನೆಯಾಗಿ ಬರುವುದನ್ನು ನಿಲ್ಲಿಸಿದರು. ಮುಂದಿನ ಪ್ರಭುಭೋಜನದಲ್ಲಿ ಅಯ್ಯನವರು, ವಿಶ್ವಾಸದಲ್ಲಿ ಬಲಹೀನರಾಗಿ ಜಾರಿಹೋದವರಿಗಾಗಿ ಪ್ರಾರ್ಥಿಸೋಣ ಎಂದರು. ಹೆಡ್ಮಾಸ್ಟರ ಹೆಂಡತಿ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದರು. ಆ ವರ್ಷ ಗೋಡೆಯ ವಾಕ್ಯಕ್ಕೆ ಎನಾಮಲ್ ಪೇಂಟು ಹೊಡೆಸಿದರು. ಇನ್ನು ಮಳೆಗೂ ಉಬ್ಬುವುದಿಲ್ಲ ಎಂದು ಅಪ್ಪ ಹೇಳಿದರು.

ಅಮ್ಮ ದ್ರಾಕ್ಷಿ ಕುದಿಸುವುದನ್ನು ಬಿಡಲಿಲ್ಲ, ಚರ್ಚಿಗೆ ಹೋಗುವುದನ್ನೂ ಬಿಡಲಿಲ್ಲ. ಎಲ್ಲಿಗೆ ಹೋಗಲಿ, ನನ್ನ ದೇವರೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾನೆ, ಎನ್ನುತ್ತಿದ್ದಳು. ಆದರೆ ಆ ಪ್ರಾರ್ಥನೆಯ ದಿನ, ಅಯ್ಯನವರು ತಟ್ಟೆ ಹಿಡಿದು ಅವಳ ಮುಂದೆ ಬಂದಾಗ, ಅಮ್ಮ ಲೋಟ ತೆಗೆದುಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಮೇಲೆತ್ತಿ ಬಾಯಿಗೆ ಸುರಿದುಕೊಂಡಳು. ತುಟಿ ತಾಕಿಸಲಿಲ್ಲ. ಒಂದು ತೊಟ್ಟು ಗಲ್ಲದ ಮೇಲಿಂದ ಸೀರೆಗೆ ಇಳಿಯಿತು.

ಸಾಯುವವರೆಗೂ ಅವಳು ಪ್ರಭುಭೋಜನವನ್ನು ತೆಗೆದುಕೊಂಡದ್ದು ಹಾಗೆಯೇ. ಹಾಗಲ್ಲಮ್ಮ, ತುಟಿ ತಾಕಿಸಿ ಕುಡೀರಿ ಎಂದು ಅಯ್ಯನವರು ಒಂದು ಸಲವೂ ಹೇಳಲಿಲ್ಲ.