ಅಮೋಗಸಿದ್ಧ ಕಾಗದ ಕೇಳಲಿಲ್ಲ

ನಮ್ಮೂರ ಅಮೋಗಸಿದ್ಧನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವನ ಮೇಲಲ್ಲ, ಅವನಿಗೆ ಮೋಸ ಮಾಡಿದವನ ಮೇಲೆ. ಸ್ವಲ್ಪ ನನ್ನ ಮೇಲೂ ಇದೆ. ಅಕ್ಕಲಕೋಟ ತಾಲೂಕಿನ ಈ ಊರಿನ ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಾಸ್ತರಿಕೆ ಮಾಡಿದವನು ನಾನು. ಅರ್ಜಿ, ಕರಾರು ಏನೇ ಬರೆಸಬೇಕಾದರೂ ಜನ ನನ್ನ ಬಾಗಿಲಿಗೇ ಬರುತ್ತಾರೆ. ಅಮೋಗಸಿದ್ಧ ಮಾತ್ರ ಅಂಥ ಕೆಲಸಕ್ಕೆ ಒಮ್ಮೆಯೂ ಬಂದವನಲ್ಲ.

ಅವನು ಕುರಿ ಸಾಕುವವನು, ಕುರಿಗಾರರ ದೇವರು ಬೀರೋಬಾನ ಭಕ್ತ. ಕುರಿ ಮಾರಿದ್ದು, ಹೊಲ ಪಾಲಿಗೆ ಕೊಟ್ಟದ್ದು, ಮಗಳ ಮದುವೆ ಮಾತಾಡಿದ್ದು ಎಲ್ಲ ಬಾಯಿಮಾತಿನ ಮೇಲೆಯೇ. ತೀರಾ ದೊಡ್ಡ ಮಾತಾದರೆ ಎದುರಿನವನು ಅಂಗೈಯಲ್ಲಿ ಬಿಲ್ವಪತ್ರೆ ಇಟ್ಟು, ಅದರ ಮೇಲೆ ದೇವರ ಭಂಡಾರದ ಅರಿಶಿಣ ಹಾಕಿಕೊಂಡು ಆಣೆ ಮಾಡಬೇಕು. ಭಂಡಾರ ಎತ್ತಿದ ಮೇಲೆ ಮಾತು ಮುಗಿಯಿತು. ಆಮೇಲೂ ಕಾಗದ ಕೇಳಿದರೆ ದೇವರನ್ನೇ ನಂಬಲಿಲ್ಲ ಎಂದಂತೆ.

ಊರ ನಡುವೆ ಇನಾಮದಾರರ ಹಳೆಯ ವಾಡೆ ಇದೆ. ದೀಪಾವಳಿಗೆ ನಮ್ಮೂರ ಬೀರೋಬಾನ ಪಾಲಕಿ ಹುಲಜಂತಿಯ ಮಹಾಲಿಂಗರಾಯನ ಜಾತ್ರೆಗೆ ಹೊರಡುವ ಮುಂಚೆ ಆ ವಾಡೆಯ ಒಳ ಅಂಗಳದ ಕಟ್ಟೆಯ ಮೇಲೆ ಕೂಡುತ್ತದೆ. ಅದರಡಿ ಕಂಬಳಿ ಹಾಸುವ ಮಾನ ಅಮೋಗಸಿದ್ಧನ ಮನೆತನದ್ದು. ಅವನಿಗೆ ಊರಲ್ಲಿ ಬೇರೆ ಯಾವ ಮಾನವೂ ಇಲ್ಲ, ಬೇಕಾಗಿಯೂ ಇರಲಿಲ್ಲ.

ಇನಾಮದಾರರ ಮೊಮ್ಮಕ್ಕಳು ವಾಡೆಯನ್ನು ಸೊಲ್ಲಾಪುರದ ಒಬ್ಬ ಧಣಿಗೆ ಮಾರಿದರು. ಅದನ್ನು ದುರಸ್ತಿ ಮಾಡಿ ಹೋಟೆಲು, ಕೈಕಸಬಿನ ಸಾಮಾನಿನ ಅಂಗಡಿ ಮಾಡುವುದು ಅವನ ವಿಚಾರ. ಗ್ರಾಮಸಭೆಯಲ್ಲಿ ಕುರಿಗಾರರೆಲ್ಲ ಎದ್ದು ನಿಂತರು. ಪಾಲಕಿ ಎಲ್ಲಿ ಕೂಡಬೇಕು? ಧಣಿ ಜಾಣ. ಮಾತಾಡಲು ತಾನು ಬರದೆ ಹೊಸ ಮ್ಯಾನೇಜರ್ ಲಕ್ಷ್ಮೀಕಾಂತನನ್ನು ಕಳಿಸಿದ.

ಈ ಲಕ್ಷ್ಮೀಕಾಂತ ಅಮೋಗಸಿದ್ಧನ ತಂಗಿ ಗುರುಬಾಯಿಯ ಮಗ. ತಂದೆ ತೀರಿಕೊಂಡಾಗ ಮೂರು ವರ್ಷದವನು. ಕುರಿಯ ಹಿಂದೆ ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿ, ಓದಿಸಿ, ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಹಚ್ಚಿದವನು ಈ ಸೋದರಮಾವ. ಅಂಥವನು ಸಭೆಯ ನಡುವೆ ನಿಂತು ಕಿಸೆಯಿಂದ ಸಣ್ಣ ಚೀಲ ತೆಗೆದ. ಪತ್ರೆಯ ಮೇಲೆ ಅರಿಶಿಣ ಸುರುವಿಕೊಂಡು, “ಪಾಲಕಿ ಮೊದಲಿನಂಗ ಕಟ್ಟಿ ಮ್ಯಾಲ ಕೂಡ್ತದ. ಬೀರೋಬಾನ ಆಣಿ” ಎಂದ.

ನಾನು ಕರಾರು ಬರೆದುಕೊಂಡೇ ಹೋಗಿದ್ದೆ. “ಒಂದು ಸಹಿ ಹಾಕಲಿ” ಎಂದೆ.

ಅಮೋಗಸಿದ್ಧ ನನ್ನ ಮೇಲೆ ಹರಿಹಾಯ್ದ. “ಮಾಸ್ತರ, ಕಾಗದ ಮಡಚಿ ಇಡ್ರಿ. ಹುಡುಗ ಭಂಡಾರ ಎತ್ತ್ಯಾನ. ಅವನ ಮಾತಿಗಿ ನಾ ಅದೀನಿ.”

ಅವನು ಅಷ್ಟಂದ ಮೇಲೆ ಎಲ್ಲರೂ ಒಪ್ಪಿದರು. ನಾನು ಕಾಗದ ಮಡಚಿ ಇಟ್ಟೆ. ಇಡಬಾರದಿತ್ತು.

ಈ ವರ್ಷ ದೀಪಾವಳಿಗೆ ಹದಿನೈದು ದಿನ ಮುಂಚೆ ಅಮೋಗಸಿದ್ಧ ಹೊಸ ಕಂಬಳಿ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದ. ವಾಡೆ ಹೋಟೆಲಾಗಿ ತೆರೆದು ತಿಂಗಳಾಗಿತ್ತು. ಕಟ್ಟೆ ನೋಡಿ ಬರೋಣ ಎಂದು ಇಬ್ಬರೂ ಹೋದೆವು.

ಬಾಗಿಲಲ್ಲಿ ಕಾವಲುಗಾರ “ಬುಕಿಂಗ್ ಆಹೇ ಕಾ?” ಎಂದ, ಬುಕಿಂಗ್ ಇದೆಯೇ ಎಂದು ಮರಾಠಿಯಲ್ಲಿ ಕೇಳಿದ. ನಮ್ಮೂರ ನಟ್ಟನಡುವೆ ನಿಂತು ನಮ್ಮನ್ನೇ! ಲಕ್ಷ್ಮೀಕಾಂತನ ಹೆಸರು ಹೇಳಿ ಒಳಗೆ ಹೋದೆವು.

ವಾಡೆ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಲಾರೆ. ಸಾಗುವಾನಿ ಕಂಬಗಳಿಗೆ ಎಣ್ಣೆ ಕುಡಿಸಿದ್ದರು. ಜೋಳ ತುಂಬಿಡುತ್ತಿದ್ದ ಹಗೇವಿನ ಬಾಯಿಗೆ ದಪ್ಪ ಗಾಜು ಮುಚ್ಚಿ ಒಳಗೆ ದೀಪ ಇಟ್ಟಿದ್ದರು. ಕುದುರೆ ಕಟ್ಟುತ್ತಿದ್ದ ಕಡೆ ಅಂಗಡಿ. ಅಲ್ಲಿ ಸೊಲ್ಲಾಪುರ ಚಾದರ, ಕಂಬಳಿಯ ಕೈಚೀಲ. ಪಡಸಾಲೆಯಲ್ಲಿ ಜನ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಅಮೋಗಸಿದ್ಧ ಯಾವುದನ್ನೂ ನೋಡಲಿಲ್ಲ, ನೇರ ಒಳ ಅಂಗಳಕ್ಕೆ ನಡೆದ.

ಕಟ್ಟೆ ಇತ್ತು. ಅದರ ಮೇಲೆ ಕಂಬಳಿ ಹಾಸಿತ್ತು. ಪಕ್ಕದಲ್ಲಿ ಡೊಳ್ಳು, ಬಾಡಿಗೆಗೆ ಕೊಡುವ ರುಮಾಲು, ಒಂದು ಬುಟ್ಟಿ ಅರಿಶಿಣ. ಸೊಲ್ಲಾಪುರದಿಂದ ಬಂದ ಗಂಡಹೆಂಡತಿ ಬೂಟು ಹಾಕಿಕೊಂಡೇ ಕಂಬಳಿಯ ಮೇಲೆ ನಿಂತು, ಅರಿಶಿಣ ಮೇಲಕ್ಕೆ ತೂರಿ, ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಮ್ಮೆ ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ತೂರಿದರು.

ಅಷ್ಟರಲ್ಲಿ ಲಕ್ಷ್ಮೀಕಾಂತ ಬಂದ. “ಬರ್ರಿ ಮಾಸ್ತರ. ಮಾಮಾ, ಚಹಾ ತಗೋತಿ?”

“ಪಾಲಕಿ ಎಲ್ಲಿ ಕೂಡೂದೋ?” ಅಮೋಗಸಿದ್ಧ ಕೇಳಿದ.

“ದೀಪಾವಳ್ಯಾಗ ಗಿರಾಕಿ ಭಾಳ ಇರ್ತಾರ ಮಾಮಾ. ಎಲ್ಲಾ ಬುಕ್ ಆಗ್ಯಾವ. ಹಬ್ಬ ಮುಗದ ಮ್ಯಾಲ ಒಂದಿನ ಮುಂಜಾನಿ ಲಗೂನ, ಹಿಂದಿನ ಬಾಗಲಿಂದ ತಗೊಂಡ ಬರ್ರಿ. ಹತ್ತು ಮಂದಿ ಸಾಕು.”

“ಹಬ್ಬ ಮುಗದ ಮ್ಯಾಲ ಪಾಲಕಿ ಯಾಕೋ?”

ಲಕ್ಷ್ಮೀಕಾಂತ ಕೈಯಲ್ಲಿದ್ದ ಫೋನು ನೋಡತೊಡಗಿದ. ಈಗ ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಆದರೆ ಅಮೋಗಸಿದ್ಧ ಅವನ ಕೈ ಹಿಡಿದುಕೊಂಡ. “ನನ್ನ ಮಾತು ಬಿಡು. ನೀ ಭಂಡಾರ ಎತ್ತೀದಿ. ಮಕ್ಕಳು ಮರಿ ಇದ್ದಾಂವ ನೀ. ದೇವರು ಸುಮ್ಮ ಬಿಡೂದಿಲ್ಲೋ, ನಿನಗ ಏನರ ಆದೀತು.”

ಆಗ ಲಕ್ಷ್ಮೀಕಾಂತ ಮುಖ ಅರಳಿಸಿ, ಮಾವನ ಬೆನ್ನು ಸವರಿ, ಸಮಾಧಾನ ಹೇಳಿದ. “ಅಂಜಬ್ಯಾಡ ಮಾಮಾ, ನನಗೇನೂ ಆಗೂದಿಲ್ಲ. ಅದು ಗುಡಿ ಭಂಡಾರ ಅಲ್ಲ. ಕಿರಾಣಿ ಅಂಗಡಿ ಅರಿಶಿಣ. ಪಾಕೀಟ ಒಡದು ಚೀಲದಾಗ ಹಾಕ್ಕೊಂಡ ಬಂದಿದ್ದೆ.”

ಅಮೋಗಸಿದ್ಧ ಹಿಡಿದ ಕೈ ಬಿಟ್ಟ.

ಮನೆಗೆ ಬರುವಾಗ ಅವನು ಊರ ಅಗಸಿ ಬಾಗಿಲ ಹತ್ತಿರ ನಿಂತ. “ಮಾಸ್ತರ, ಆಸೆ ಹುಟ್ಟಿ ಮಾತು ತಪ್ಪಿದ್ರ ಬ್ಯಾರೆ. ಆಣಿ ಮಾಡೂ ದಿನಾನ ಅದು ಸುಳ್ಳಂತ ಅವಗ ಗೊತ್ತಿತ್ತು. ನನ್ನ ಎದುರಿಗಿ ನಿಂತಾಗ ಗೊತ್ತಿತ್ತು.”

ಅವತ್ತೇ ಮನೆಮನೆಗೆ ಹೋಗಿ, ನನ್ನ ಮಾತು ನಂಬಿ ಕೆಟ್ಟಿರಿ ಎಂದು ಹೇಳಿ ಬಂದ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಈ ಸಲದ ದೀಪಾವಳಿಗೆ ಪಾಲಕಿ ನಮ್ಮ ಶಾಲೆಯ ಜಗುಲಿಯ ಮೇಲೆ ಕೂತಿತು. ಕಂಬಳಿ ಹಾಸಲು ಎಷ್ಟು ಕರೆದರೂ ಅವನು ಮನೆಯಿಂದ ಹೊರಗೆ ಬರಲಿಲ್ಲ. ಬೇರೆಯವರು ಹಾಸಿದರು.

ಹಬ್ಬ ಮುಗಿದ ನಾಲ್ಕನೆಯ ದಿನ ನಾನು ಅವನ ಮನೆಯಲ್ಲಿ ಕೂತಿದ್ದಾಗ ಗುರುಬಾಯಿ ಬಂದಳು. ಮಗ ಮಾಡಿದ್ದನ್ನು ಕೇಳಿ ಅತ್ತು ಅತ್ತು ಕಣ್ಣು ಬಾತಿದ್ದವು. ಪಾಲಕಿಯ ಹಿಂದೆ ಹುಲಜಂತಿಯ ತನಕ ನಡೆದು ಹೋಗಿ ಬಂದವಳು, ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅಂಗೈಯಲ್ಲಿ ಪತ್ರೆ ಇಟ್ಟು, ಸೆರಗಿನ ಗಂಟು ಬಿಚ್ಚಿ ಅದರ ಮೇಲೆ ಹುಲಜಂತಿಯಿಂದ ತಂದ ಭಂಡಾರ ಹಾಕಿಕೊಂಡು, ಅಣ್ಣನ ಮುಂದೆ ಚಾಚಿದಳು.

“ಅಣ್ಣಾ, ಅಂವ ಹಿಂಗ ಮಾಡ್ತಾನಂತ ನನಗ ಗೊತ್ತಿದ್ದಿಲ್ಲ. ಮಹಾಲಿಂಗರಾಯನ ಆಣಿ.”

ಅಮೋಗಸಿದ್ಧ ತಂಗಿಯ ಮುಖ ನೋಡಲಿಲ್ಲ. ಅವಳ ಅಂಗೈಯಿಂದ ಒಂದು ಚಿಟಿಕೆ ತೆಗೆದು ಮೂಗಿನ ಹತ್ತಿರ ಹಿಡಿದ, ಮೂಸಿ ನೋಡಿದ.

“ಇದು ಯಾವ ಅಂಗಡೀದು?” ಎಂದು ಕೇಳಿದ.

ಗುರುಬಾಯಿ ಕೈ ಚಾಚಿಕೊಂಡು ಹಾಗೆಯೇ ನಿಂತಿದ್ದಳು.