ಹೋಗಿ ತಿಳಿಸ್ತೀವಿ

ಕಡೂರಿನಲ್ಲಿ ಕೀಬೋರ್ಡ್ ಕಲಿಸುವವರಿದ್ದರು. ನನ್ನ ಮಗಳಿಗೆ ಅದು ಸಾಲದೆಂದು, ಮನೆಯಲ್ಲಿ ಪಿಯಾನೊ ಇರುವ ಟೀಚರನ್ನು ಹುಡುಕಿಕೊಂಡು ಅವಳ ಜೊತೆ ಬೀರೂರಿಗೆ ಹೋದೆ. ಅವರು ಅರವತ್ತು ದಾಟಿದ ಹೆಂಗಸು, ಮದುವೆಯಾಗದೆ ಒಬ್ಬರೇ ಇದ್ದರು.

"ಮೊದ್ಲು ನೀವೊಂದು ಹಾಡು ನುಡ್ಸಿ, ಕೇಳಾಣ" ಅಂದು ಕಾಲ ಮೇಲೆ ಕಾಲು ಹಾಕಿ ಕುಳಿತೆ. ಪಿಯಾನೊದ ಗಂಧಗಾಳಿಯೂ ನನಗಿಲ್ಲ. ಆದರೂ ಅವರು ಎರಡು ಕಡೆ ತಪ್ಪಿದ್ದು ಗೊತ್ತಾಯಿತು. ಆಮೇಲೆ ಅವರು ಉಪ್ಪಿಟ್ಟು, ಕಾಫಿ ತಂದಿಟ್ಟು, "ಮಗೂನ ಯಾವತ್ತಿಂದ ಕಳಿಸ್ತೀರ?" ಅಂದರು.

ತರೀಕೆರೆಯ ನಮ್ಮ ಮನೆಗೆ ನನ್ನನ್ನು ನೋಡಲು ಬರುತ್ತಿದ್ದ ಗಂಡಿನ ಕಡೆಯವರೂ ಹೀಗೇ ಹಾಡಿಸಿ, ಉಪ್ಪಿಟ್ಟು ತಿಂದು, ಒಂದೇ ಮಾತು ಹೇಳಿ ಎದ್ದು ಹೋಗುತ್ತಿದ್ದರು. ಏಳು ಸಲ. ಅವರಿಗೆ ಹಾಕಿದ ಶಾಪವನ್ನು ನಾನು ಇವತ್ತಿಗೂ ವಾಪಸ್ ತೆಗೆದುಕೊಂಡಿಲ್ಲ.

ತಟ್ಟೆ ಖಾಲಿ ಮಾಡಿ, "ಹೋಗಿ ತಿಳಿಸ್ತೀವಿ" ಅಂದೆ. ಹೇಳುವಾಗ ಬಾಯಿಗೆ ಹಿತವಾಗಿತ್ತು. ಟೀಚರ್ ತಟ್ಟೆ, ಲೋಟ ಎತ್ತಿಕೊಂಡರು. ಆ ಮಾತನ್ನು ಅವರೂ ಕೇಳಿದ್ದವರೇ.

ಬಸ್ಸಿನಲ್ಲಿ ಮಗಳು ಕೇಳಿದಳು: "ಹೆಂಗಮ್ಮ ತಿಳಿಸ್ತೀಯ? ಅವರ ನಂಬರೇ ಇಸ್ಕೊಳ್ಲಿಲ್ವಲ್ಲ."